‘ಅಮ್ಮಂಗೆ ಯಾಕೆ ಹಿಂಗಾತು?’

ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಬಂದಾಗ ದೊಡ್ಡವರೆಲ್ಲ ಒಂದು ಮಾತು ಹೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ: ‘ಸದ್ಯ, ಮಗು ಇನ್ನೂ ಚಿಕ್ಕದು, ಅದಕ್ಕೇನೂ ತಿಳಿಯಲ್ಲ.’ ತುಂಗಭದ್ರೆಯ ಆಸುಪಾಸಿನ ತಾಲ್ಲೂಕುಗಳಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಅತಿ ಕಡಿಮೆ ನಂಬುವ ಮಾತೂ ಇದೇ. ರೋಗಿಯ ಜೊತೆ ಬಂದು ಹೊರರೋಗಿ ವಿಭಾಗದ ಬೆಂಚಿನ ತುದಿಯಲ್ಲಿ ಕಾಲು ಆಡಿಸುತ್ತ ಕೂತ ಮಕ್ಕಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

1. ಮಗುವಿನ ಹತ್ತಿರ ಆಗಲೇ ಒಂದು ಉತ್ತರ ಇರುತ್ತದೆ

ಯಾರೂ ಹೇಳಲಿಲ್ಲವೆಂದು ಮಗು ಯೋಚಿಸದೆ ಕೂರುವುದಿಲ್ಲ. ಜಗಲಿಯಲ್ಲಿ ಕೇಳಿದ್ದು, ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು, ಟೀವಿಯಲ್ಲಿ ನೋಡಿದ್ದು ಎಲ್ಲವನ್ನೂ ಕೂಡಿಸಿ ತನ್ನದೇ ಒಂದು ಕಾರಣ ಕಟ್ಟಿಕೊಂಡಿರುತ್ತದೆ. ‘ಅಪ್ಪ ಬಾಳ ಓದಿದ್ದಕ್ಕೆ ತಲೆ ಕೆಡ್ತಂತೆ’ ಎಂದ ಹುಡುಗ ಆಮೇಲೆ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದ. ಶಾಲೆಯಲ್ಲಿ ಅವನಿಗೆ ಸೋಮಾರಿ ಎಂಬ ಹೆಸರು ಬಂದಿತ್ತು. ‘ಬೋರು ಫೇಲಾತಲ್ಲ, ಅದ್ಕೆ’ ಎಂದವಳು ಇನ್ನೊಬ್ಬಳು. ಅವಳ ಲೆಕ್ಕದಲ್ಲಿ ನೀರು ಬಿದ್ದಿದ್ದರೆ ಅಪ್ಪನಿಗೆ ಕಿವಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಚಿಕ್ಕಪ್ಪ ಮಾಟ ಮಾಡಿಸಿದ, ಅಜ್ಜಿ ಬೈದಳು, ಅಮ್ಮ ಅಮಾವಾಸ್ಯೆ ದಿನ ಹುಣಸೆಮರದ ಕೆಳಗೆ ಹೋಗಿದ್ದಳು: ಹೀಗೆ ಪಟ್ಟಿ ಬೆಳೆಯುತ್ತದೆ.

ಹಾಗಾಗಿ ನಾನು ಮೊದಲು ಏನನ್ನೂ ಹೇಳುವುದಿಲ್ಲ. ‘ನಿಂಗೆ ಏನನ್ಸುತ್ತೆ, ಅಮ್ಮ ಯಾಕೆ ಹಿಂಗಾಡ್ತಾರೆ?’ ಎಂದು ಕೇಳಿ ಸುಮ್ಮನಾಗುತ್ತೇನೆ. ಎದುರುಬದುರು ಕೂರಿಸಿ ಕೇಳಿದರೆ ಮಕ್ಕಳು ‘ಗೊತ್ತಿಲ್ಲ’ ಎನ್ನುತ್ತಾರೆ. ಬಣ್ಣದ ಪೆನ್ಸಿಲ್ ಕೊಟ್ಟು, ಪಕ್ಕದಲ್ಲಿ ಕೂತು, ಕಾಗದದ ಕಡೆ ನೋಡುತ್ತ ಕೇಳಿದರೆ ಉತ್ತರ ಬರುತ್ತದೆ. ಮಗುವಿನ ಕಾರಣ ಯಾವುದೆಂದು ತಿಳಿಯದೆ ನಾವು ಎಷ್ಟು ಸರಿಯಾದ ವಿವರಣೆ ಕೊಟ್ಟರೂ ಅದು ಹಳೆಯದರ ಪಕ್ಕದಲ್ಲಿ ಹೋಗಿ ಕೂರುತ್ತದೆ. ಹಳೆಯದು ಹೋಗುವುದಿಲ್ಲ.

2. ಎಲ್ಲ ಕಾರಣಗಳ ಅಡಿಯಲ್ಲಿ ‘ನಾನು’ ಇರುತ್ತದೆ

ನನ್ನ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದನ್ನು ನಾನು ಕಲಿತಿಲ್ಲ. ನಾಲ್ಕರಿಂದ ಏಳೆಂಟು ವರ್ಷದ ಮಕ್ಕಳ ಜೊತೆ ಸ್ವಲ್ಪ ಹೊತ್ತು ಕಳೆದರೆ ಗಾಳಿ, ಮಾಟ, ಸಾಲ ಎಲ್ಲ ಮುಗಿದ ಮೇಲೆ ನಿಧಾನವಾಗಿ ಇದು ಹೊರಗೆ ಬರುತ್ತದೆ. ‘ನಾನು ಊಟ ಮಾಡ್ದೆ ಹಠ ಮಾಡಿದ್ನಲ್ಲ.’ ‘ಅಮ್ಮ ಸಾಯ್ಲಿ ಅಂತ ಒಂದ್ಸಲ ಮನಸಲ್ಲಿ ಅಂದ್ಕೊಂಡಿದ್ದೆ.’

ಜಿನೀವಾದ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಕ್ಕಳಿಗೆ ಕೇಳಿದ ಒಂದು ಕತೆ ಇದೆ. ಸೇಬು ಕದ್ದ ಹುಡುಗ ಓಡುವಾಗ ಶಿಥಿಲ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೂ ಬೀಳುತ್ತಿದ್ದನೇ ಎಂದು ಕೇಳಿದರೆ ಸಣ್ಣ ಮಕ್ಕಳಲ್ಲಿ ಹೆಚ್ಚಿನವರು ಇಲ್ಲ ಎಂದರು. ಆ ವಯಸ್ಸಿಗೆ ತಪ್ಪಿಗೂ ಕೇಡಿಗೂ ನಡುವೆ ನೇರ ದಾರಿ. ಮನೆಯಲ್ಲಿ ಕೇಡಾಗಿದೆ ಎಂದಮೇಲೆ ಯಾರೋ ತಪ್ಪು ಮಾಡಿರಲೇಬೇಕು, ಮಗುವಿಗೆ ಚೆನ್ನಾಗಿ ನೆನಪಿರುವುದು ತನ್ನ ತಪ್ಪುಗಳೇ.

ಇದರ ಮೇಲೆ ನಮ್ಮ ಬಾಯಿ ಬೇರೆ. ‘ನೀನು ಹಿಂಗೆ ಗಲಾಟೆ ಮಾಡಿದ್ರೆ ಅಮ್ಮಂಗೆ ಮತ್ತೆ ತಲೆ ಕೆಡುತ್ತೆ ನೋಡು’ ಎನ್ನದ ಮನೆಯನ್ನು ನಾನು ನೋಡಿದ್ದು ಕಡಿಮೆ. ಒಂದು ಗಂಟೆ ಗದ್ದಲ ತಪ್ಪಿಸಲು ಅಜ್ಜಿ ಹೇಳಿದ ಮಾತು ಅದು. ಮಗು ಅದನ್ನು ವೈದ್ಯರ ಮಾತಿನ ಹಾಗೆ ಇಟ್ಟುಕೊಳ್ಳುತ್ತದೆ. ಇನ್ನೂ ಕಷ್ಟದ್ದು, ‘ನಿನ್ನ ಬಾಣಂತನದಲ್ಲೇ ಶುರುವಾಗಿದ್ದು ಇವಳಿಗೆ’ ಎಂದು ನೆಂಟರ ಮುಂದೆ ಹೇಳುವುದು. ಬಾಣಂತಿ ಸನ್ನಿ ಎಂದು ಹಳ್ಳಿಯಲ್ಲಿ ಕರೆಯುವ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಹೆರಿಗೆಯ ನಂತರ ದೇಹದಲ್ಲಾಗುವ ಏರುಪೇರು, ನಿದ್ದೆಗೇಡು, ಕಾಯಿಲೆಯ ಕಡೆ ಮೊದಲಿಂದ ಇದ್ದ ಒಲವು ಇವು ಅದರ ಹಿಂದಿರುತ್ತವೆ. ಹುಟ್ಟಿದ ಕೂಸಿನ ಪಾತ್ರ ಅದರಲ್ಲಿ ಏನೂ ಇಲ್ಲ. ಆದರೆ ಹತ್ತು ವರ್ಷದ ಹುಡುಗಿಗೆ ಕೇಳಿಸುವುದು ‘ನೀನು ಹುಟ್ಟದಿದ್ದರೆ’ ಎಂಬಷ್ಟೇ.

ತ್ರಿವೇಣಿಯವರ ‘ಶರಪಂಜರ’ ಕನ್ನಡಿಗರಿಗೆಲ್ಲ ಗೊತ್ತು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ ಮೇಲಂತೂ ಕಾವೇರಿ ಎಂದರೆ ಕಲ್ಪನಾ ಮುಖವೇ ಕಣ್ಣ ಮುಂದೆ. ಹೆರಿಗೆಯ ನಂತರ ಕಾಯಿಲೆಗೆ ಬಿದ್ದು, ಗುಣವಾಗಿ ಮನೆಗೆ ಬಂದ ಹೆಂಗಸನ್ನು ಗಂಡನೂ ನೆರೆಹೊರೆಯೂ ಹೇಗೆ ನಡೆಸಿಕೊಂಡರು ಎಂಬುದರ ಬಗ್ಗೆ ಇಷ್ಟು ವರ್ಷ ಮಾತಾಡಿದ್ದೇವೆ. ಆ ಮನೆಯಲ್ಲಿ ಮಕ್ಕಳೂ ಇದ್ದರು. ಅವರು ಏನೆಂದುಕೊಂಡರು ಎಂಬ ಚರ್ಚೆಯನ್ನು ನಾನು ಎಲ್ಲೂ ಕೇಳಿಲ್ಲ.

ನಾನು ಹೇಳುವುದು ಸರಳ: ‘ನಿನ್ನಿಂದ ಆಗಿಲ್ಲ. ನೀನು ಬೈದಿದ್ದಕ್ಕಲ್ಲ, ಹಠ ಮಾಡಿದ್ದಕ್ಕಲ್ಲ, ಮನಸಲ್ಲಿ ಅಂದ್ಕೊಂಡಿದ್ದಕ್ಕೂ ಅಲ್ಲ.’ ಒಂದೇ ಸಲ ಹೇಳಿದರೆ ಸಾಲದು. ಹಬ್ಬಕ್ಕೊಮ್ಮೆ, ರಜಕ್ಕೊಮ್ಮೆ, ಕಾಯಿಲೆ ಮರುಕಳಿಸಿದಾಗಲೆಲ್ಲ ಮತ್ತೆ ಹೇಳಬೇಕು.

3. ವಯಸ್ಸಿಗೆ ತಕ್ಕ ಭಯ

ಆರು ವರ್ಷದೊಳಗಿನ ಮಗುವಿಗೆ ಕಾಯಿಲೆ ಎಂದರೆ ಕಣ್ಣಿಗೆ ಕಾಣುವ ನಡತೆ: ಅಮ್ಮ ಒಬ್ಬಳೇ ನಗುತ್ತಾಳೆ, ಅಪ್ಪ ಸ್ನಾನ ಮಾಡಲ್ಲ. ಅದಕ್ಕೆ ಒಳಗೊಂದು ಕಾರಣ ಇದೆ ಎಂಬ ಯೋಚನೆ ಬರುವುದು ಆಮೇಲೆ. ಅಮೆರಿಕದ ಬಿಬೇಸ್ ಮತ್ತು ವಾಲ್ಷ್ ಎಂಬ ಸಂಶೋಧಕರು 1980ರಲ್ಲಿ ಮಕ್ಕಳು ಕಾಯಿಲೆಯನ್ನು ಅರಿಯುವ ಮೆಟ್ಟಿಲುಗಳನ್ನು ಗುರುತಿಸಿದರು. ಅಂಟುವುದು, ಮುಟ್ಟಿದರೆ ಬರುವುದು ಎಂಬ ಯೋಚನೆ ಮೊದಲಿನ ಮೆಟ್ಟಿಲುಗಳಲ್ಲೇ ಬರುತ್ತದೆ, ಮನಸ್ಸಿಗೂ ದೇಹಕ್ಕೂ ಇರುವ ನಂಟು ತಿಳಿಯುವುದು ಕೊನೆಗೆ.

ನಮ್ಮ ಮನೆಗಳಲ್ಲಿ ಅಂಟಿನ ಭಯ ಇನ್ನಷ್ಟು ಗಟ್ಟಿ, ಏಕೆಂದರೆ ದೊಡ್ಡವರೇ ಅದನ್ನು ಮಾಡಿ ತೋರಿಸುತ್ತಾರೆ. ಕಾಯಿಲೆಯವರ ತಟ್ಟೆ ಬೇರೆ, ಲೋಟ ಬೇರೆ, ಮಲಗುವುದು ಪಡಸಾಲೆಯಲ್ಲಿ. ಯಾರೂ ಬಾಯಿಬಿಟ್ಟು ಅಂಟುತ್ತದೆ ಎನ್ನುವುದಿಲ್ಲ, ಆದರೆ ಮಗು ತಟ್ಟೆ ನೋಡಿ ತಿಳಿದುಕೊಳ್ಳುತ್ತದೆ. ಅಮ್ಮ ತನ್ನ ತುತ್ತನ್ನೇ ಮುರಿದು ಕೊಟ್ಟರೆ ಬಾಯಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋಗಿ ಉಗಿಯುತ್ತಿದ್ದ ಹುಡುಗಿಯೊಬ್ಬಳು ಇದ್ದಳು. ‘ಎಂಜಲಿಂದ ಬರಲ್ಲ’ ಎಂದು ನಾನು ಹೇಳಿದ್ದನ್ನು ಅವಳು ನಂಬಲಿಲ್ಲ. ಅವಳ ಚಿಕ್ಕಮ್ಮ ಅಕ್ಕನ ತಟ್ಟೆಯಿಂದ ಒಂದು ತುಂಡು ರೊಟ್ಟಿ ಎತ್ತಿ ತಿಂದಾಗ ನಂಬಿದಳು.

ಹದಿಹರೆಯದ ಭಯಗಳ ಮಾತು ಮುಂದೆ ಬರುತ್ತದೆ.

4. ದೆವ್ವದ ಜೊತೆ ಜಗಳಕ್ಕೆ ಹೋಗಬೇಡಿ

ನಮ್ಮ ಕಡೆಯ ಬಹಳಷ್ಟು ರೋಗಿಗಳು ಆಸ್ಪತ್ರೆಗೆ ಬರುವ ಮೊದಲು ದೆವ್ವ ಬಿಡಿಸಿಕೊಳ್ಳಲು ಉಕ್ಕಡಗಾತ್ರಿಗೆ ಹೋಗಿರುತ್ತಾರೆ, ಕೆಲವರು ಗಾಣಗಾಪುರದವರೆಗೂ ಹೋಗಿಬಂದಿರುತ್ತಾರೆ. ಮಕ್ಕಳೂ ಜೊತೆಗೆ ಹೋಗಿರುತ್ತಾರೆ. ಅಮ್ಮ ಮಂದಿಯ ನಡುವೆ ಕೂದಲು ಬಿಚ್ಚಿ ತಲೆ ತೂಗಿದ್ದನ್ನು ಕಣ್ಣಾರೆ ಕಂಡ ಮಗುವಿಗೆ ‘ದೆವ್ವ ಗಿವ್ವ ಏನೂ ಇಲ್ಲ’ ಎಂದು ನಾನು ಹೇಳಿದರೆ, ಅದು ಅಜ್ಜಿಯನ್ನೂ ನನ್ನನ್ನೂ ಎದುರುಬದುರು ನಿಲ್ಲಿಸಿ ಒಬ್ಬರನ್ನು ಆರಿಸಬೇಕಾಗುತ್ತದೆ. ಅಜ್ಜಿಯನ್ನೇ ಆರಿಸುತ್ತದೆ. ಅನ್ನ ಹಾಕುವವಳು ಅವಳು.

ಇನ್ನೊಂದು ಮಾತನ್ನೂ ಹೇಳಬೇಕು, ಕೆಲವು ಸಹೋದ್ಯೋಗಿಗಳಿಗೆ ಇದು ಹಿಡಿಸುವುದಿಲ್ಲ. ದೆವ್ವದ ವಿವರಣೆಯಿಂದ ಮಗುವಿಗೆ ಒಂದು ಉಪಕಾರವೂ ಆಗುತ್ತದೆ. ಹೊಡೆದದ್ದು ಅಮ್ಮ ಅಲ್ಲ, ಬೈದದ್ದು ಅಮ್ಮ ಅಲ್ಲ, ಬೇರೇನೋ ಎಂಬ ನಂಬಿಕೆ ಅಮ್ಮನ ಮೇಲಿನ ಪ್ರೀತಿಯನ್ನು ಉಳಿಸುತ್ತದೆ, ತಪ್ಪು ತನ್ನದಲ್ಲ ಎನ್ನಲೂ ಅವಕಾಶ ಕೊಡುತ್ತದೆ. ನಾವು ಕೊಡುವ ‘ಮೆದುಳಿನ ಕಾಯಿಲೆ’ ಅಷ್ಟು ಕೆಲಸವನ್ನಾದರೂ ಮಾಡಬೇಕು, ಇಲ್ಲದಿದ್ದರೆ ಮಗು ಅದನ್ನು ಯಾಕಾದರೂ ಒಪ್ಪಬೇಕು?

ನಾನು ಗೆರೆ ಎಳೆಯುವುದು ಎರಡು ಕಡೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ಮೊದಲನೆಯದು, ಅದನ್ನು ಮಗುವಿಗೆ ತೋರಿಸುವುದಂತೂ ಕೂಡದು. ಎರಡನೆಯದು ಮಾತ್ರೆ ನಿಲ್ಲಿಸುವುದು. ಹರಕೆ ಹೊರಲಿ, ತಾಯತ ಕಟ್ಟಲಿ, ನನ್ನ ತಕರಾರಿಲ್ಲ. ‘ಅಜ್ಜಿ ದೇವರಿಗೆ ಕೈ ಮುಗೀಲಿ, ನಾವು ಮಾತ್ರೆ ಕೊಡೋಣ’ ಎಂದರೆ ಮಗುವಿಗೂ ನಿರಾಳ, ಅಜ್ಜಿಗೂ.

5. ‘ಅಮ್ಮ ಊರಿಗೆ ಹೋಗಿದ್ದಾಳೆ’ ಎನ್ನಬೇಡಿ

ತಾಯಿಯನ್ನು ದಾಖಲು ಮಾಡಿದ ದಿನ ಹೇಳುವ ಈ ಸುಳ್ಳು ಬಹಳ ದಿನ ನಿಲ್ಲುವುದಿಲ್ಲ. ಊರಿಗೆ ಹೋದವಳು ಫೋನ್ ಯಾಕೆ ಮಾಡಲ್ಲ? ಸೀರೆಗಳು ಬೀರುವಿನಲ್ಲೇ ಯಾಕಿವೆ? ಪಕ್ಕದ ಮನೆಯಾಕೆ ತಲೆ ಸವರಿ ಯಾಕೆ ಕಣ್ಣೀರು ಹಾಕಿದಳು? ತಾತ ಸತ್ತಾಗಲೂ ‘ದೇವರ ಊರಿಗೆ ಹೋದ’ ಎಂದಿದ್ದರಲ್ಲ! ಮಗು ತಾಯಿ ಸತ್ತಳೆಂದೇ ತೀರ್ಮಾನಿಸಿ ಅದನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ಅಪರೂಪವೇನಲ್ಲ.

ನಿಜ ಹೇಳುವುದೆಂದರೆ ರೋಗದ ಹೆಸರು, ಮೆದುಳಿನ ರಾಸಾಯನಿಕ ಎಲ್ಲ ವಿವರಿಸುವುದೆಂದು ದೊಡ್ಡವರು ಹೆದರುತ್ತಾರೆ. ಮಕ್ಕಳಿಗೆ ಬೇಕಾದದ್ದು ಅದಲ್ಲ. ‘ಅಮ್ಮಂಗೆ ಹುಷಾರಿಲ್ಲ. ಇಲ್ಲದ್ದು ಕೇಳಿಸುತ್ತೆ, ಅದಕ್ಕೆ ಹೆದರಿಕೆ ಆಗುತ್ತೆ, ಹೆದರಿ ಕೂಗ್ತಾಳೆ. ಆಸ್ಪತ್ರೇಲಿ ಔಷಧಿ ಕೊಡ್ತಿದ್ದಾರೆ.’ ಇಷ್ಟು ಸಾಕು. ಆಮೇಲೆ ಅವರು ಕೇಳುವುದೆಲ್ಲ ಬೇರೆ: ನನ್ನ ಜಡೆ ಯಾರು ಹಾಕ್ತಾರೆ? ಡಬ್ಬಿ ಯಾರು ಕಟ್ತಾರೆ? ಅಮ್ಮ ರಾತ್ರಿ ಯಾರ ಜೊತೆ ಮಲಗ್ತಾಳೆ? ಗಣಪತಿ ಹಬ್ಬಕ್ಕೆ ಬರ್ತಾಳಾ? ಈ ಪ್ರಶ್ನೆಗಳಿಗೆ ಹೆಸರು ಹಿಡಿದು, ದಿನ ಹಿಡಿದು ಉತ್ತರ ಕೊಡಿ. ದಿನ ಗೊತ್ತಿಲ್ಲದಿದ್ದರೆ ‘ಡಾಕ್ಟರನ್ನ ಕೇಳಿ ಶನಿವಾರ ಹೇಳ್ತೀನಿ’ ಎಂದು ಹೇಳಿ ಶನಿವಾರ ಹೇಳಿ.

‘ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೂ’ ಎಂಬ ಹೋಲಿಕೆ ನಮ್ಮ ವೃತ್ತಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ದೊಡ್ಡವರಿಗೆ ಸರಿ. ಮಗು ಮಾತ್ರ ಸಕ್ಕರೆ ಕಾಯಿಲೆಯ ಅಜ್ಜನನ್ನು ದಿನಾ ನೋಡುತ್ತಿರುತ್ತದೆ. ಅವನು ಯಾರಿಗೂ ಪಾತ್ರೆ ಎಸೆಯುವುದಿಲ್ಲ.

ಸಾಧ್ಯವಿದ್ದರೆ, ತಾಯಿ ಸ್ವಲ್ಪ ಸುಧಾರಿಸಿದ ಮೇಲೆ, ಮಗುವನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಅದರ ತಲೆಯಲ್ಲಿರುವ ಆಸ್ಪತ್ರೆ ಸಿನಿಮಾದ್ದು: ಸರಪಳಿ, ಕತ್ತಲೆ ಕೋಣೆ, ಕರೆಂಟ್ ಶಾಕ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ವಿದ್ಯುತ್ ಚಿಕಿತ್ಸೆ ಮಾಡುವಾಗ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಎರಡನ್ನೂ ಕೊಡಲೇಬೇಕು. ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇಟ್ಟುಕೊಳ್ಳುವ ವಿಭಾಗವೇ ಇದೆ. ಮಂಚ, ಕಿಟಕಿ, ನರ್ಸಕ್ಕ, ಸಂಜೆಯ ಚಹಾ ಇವನ್ನು ಕಂಡ ಮಗು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡುತ್ತದೆ.

6. ಮಾತ್ರೆಯ ಬಗ್ಗೆ ಮಗುವಿಗೂ ಹೇಳಿ

ಚಿಕಿತ್ಸೆಯ ಮೊದಲ ದಿನಗಳನ್ನು ಮಗುವಿನ ಕಣ್ಣಿಂದ ನೋಡಿ. ಮಾತ್ರೆ ಶುರುವಾಯಿತು; ಅಮ್ಮ ಹಗಲೆಲ್ಲ ಮಲಗಿದಳು, ಕೈ ನಡುಗಿತು, ದಿಂಬಿನ ಮೇಲೆ ಜೊಲ್ಲು ಸುರಿಯಿತು. ಅಡ್ಡ ಪರಿಣಾಮ ದಿನಗಳಲ್ಲೇ ಕಾಣಿಸುತ್ತದೆ, ಗುಣ ಕಾಣಿಸಲು ವಾರಗಳು ಬೇಕು. ಮಗುವಿನ ಪಾಲಿಗೆ ಕಾಯಿಲೆ ಬಂದದ್ದೇ ಮಾತ್ರೆಯಿಂದ. ಪ್ರೀತಿಯಿಂದಲೇ ಮಾತ್ರೆ ಪಟ್ಟಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಮಗುವಿಗೆ ಮನೆಯವರು ಬಾರಿಸಿದ್ದರು. ‘ಮೊದಲು ನಿದ್ದೆ ಬರುತ್ತೆ, ಆಮೇಲೆ ಹುಷಾರಾಗ್ತಾಳೆ’ ಎಂದು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಾಗೆಂದು ಮಾತ್ರೆಯ ಜವಾಬ್ದಾರಿಯನ್ನು ಮಗುವಿಗೆ ವಹಿಸಬೇಡಿ. ‘ಅಪ್ಪ ನುಂಗಿದ್ನಾ, ನಾಲಿಗೆ ಕೆಳಗಿಟ್ಕೊಂಡ್ನಾ ನೋಡ್ಕೊಂಡು ಬಾ’ ಎಂದು ಕಳಿಸುವ ಮನೆಗಳಿವೆ. ನುಂಗಲಿಲ್ಲ ಎಂದರೆ ಅಪ್ಪನಿಗೆ ದ್ರೋಹ, ನುಂಗಿದ ಎಂದರೆ ಅಮ್ಮನಿಗೆ ಸುಳ್ಳು. ಮುಂದೆ ಕಾಯಿಲೆ ಮರುಕಳಿಸಿದರೆ ಆ ಲೆಕ್ಕವೂ ಮಗುವಿನ ಖಾತೆಗೇ. ನುಂಗಿಸುವುದು ಅಷ್ಟು ಕಷ್ಟವಾದರೆ ತಿಂಗಳ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ.

7. ಶಾಲೆಗೆ ಒಂದು ಸಿದ್ಧ ಉತ್ತರ

ನಮ್ಮ ಕಡೆ ‘ಧಾರವಾಡಕ್ಕೆ ಕಳಿಸ್ರೋ ಇವನ್ನ’, ಬೆಂಗಳೂರಿನ ಕಡೆ ‘ನಿಮ್ಹಾನ್ಸ್ ಕೇಸು’. ತಮಾಷೆಗೆಂದು ಮೇಷ್ಟ್ರೂ ಹೇಳುತ್ತಾರೆ, ಆ ತರಗತಿಯಲ್ಲಿ ನಿಜವಾಗಿ ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ದಾಖಲಾದವರ ಮಗು ಕೂತಿರುವುದು ಗೊತ್ತಿಲ್ಲದೆ. ಮಗುವಿಗೆ ಎಲ್ಲರನ್ನೂ ತಿದ್ದುವ ಶಕ್ತಿ ಇರುವುದಿಲ್ಲ. ‘ನಮ್ಮಮ್ಮಂಗೆ ಹುಷಾರಿಲ್ಲ, ಔಷಧಿ ತಗೋತಿದ್ದಾರೆ’ ಎಂಬ ಒಂದು ವಾಕ್ಯವನ್ನು ನನ್ನೆದುರು ನಾಲ್ಕು ಸಲ ಹೇಳಿಸಿ ಕಳಿಸುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ ಎಂಬುದನ್ನೂ ಹೇಳಿಕೊಡುತ್ತೇನೆ. ಒಬ್ಬ ಶಿಕ್ಷಕರಿಗೆ ವಿಷಯ ತಿಳಿದಿದ್ದರೆ ಒಳ್ಳೆಯದು; ಯಾರೆಂದು ಮಗುವೇ ಆರಿಸಲಿ.

8. ‘ನಂಗೂ ಬರುತ್ತಾ?’

ಹದಿಮೂರು ದಾಟಿದವರು ಇದನ್ನು ಬಾಗಿಲ ಬಳಿ ಹೋಗಿ, ಚಪ್ಪಲಿ ಹಾಕಿಕೊಳ್ಳುತ್ತ ಕೇಳುತ್ತಾರೆ. ‘ಏ ಹುಚ್ಚಪ್ಪ, ಬರಲ್ಲ ಹೋಗು’ ಎಂಬ ಸಾಂತ್ವನ ಬೇಡ. ಮೊಬೈಲಿನಲ್ಲಿ ಹುಡುಕಿದ ಮೇಲೆಯೇ ಅವರು ಕೇಳುತ್ತಿರುವುದು. ನಿಜವನ್ನೇ ಹೇಳಿ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರು ಜನರಲ್ಲಿ ಒಬ್ಬರಿಗೆ ಬಂದರೆ, ತಂದೆ ಅಥವಾ ತಾಯಿಗೆ ಇದ್ದಾಗ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಂದಿಗೆ ಬರಬಹುದು. ಉಳಿದ ತೊಂಬತ್ತರಷ್ಟು ಮಂದಿಗೆ ಬರುವುದಿಲ್ಲ. ಈ ಎರಡನೆಯ ವಾಕ್ಯವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಜೊತೆಗೆ ಕೈಲಾಗುವುದನ್ನೂ ಹೇಳಿ. ಗಾಂಜಾ ಮುಟ್ಟಬಾರದು, ಇಂಥ ಮನೆಯ ಮಕ್ಕಳಿಗೆ ಅದು ಬೇರೆಯವರಿಗಿಂತ ಹೆಚ್ಚು ಅಪಾಯ. ರಾತ್ರಿ ನಿದ್ದೆ ಕೆಡಿಸಬಾರದು. ಏನಾದರೂ ಬದಲಾವಣೆ ಅನಿಸಿದರೆ ಬೇಗ ತೋರಿಸಬೇಕು. ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದು ಅವರ ವಯಸ್ಸಿನವರಿಗೇ. ಹೆಣ್ಣುಮಕ್ಕಳ ಪ್ರಶ್ನೆಯ ಹಿಂದೆ ಇನ್ನೊಂದು ಇರುತ್ತದೆ, ಮದುವೆಯದು. ‘ಅಕ್ಕನ ಮದ್ವೆ ಆಗೋವರ್ಗೂ ಅಮ್ಮನ ವಿಷ್ಯ ಹೊರಗೆ ಬರಬಾರ್ದು’ ಎಂದು ಅಪ್ಪ ಹೇಳಿದ್ದಕ್ಕೆ ತಾಯಿಗೆ ಚಿಕಿತ್ಸೆಯೇ ಸಿಗದೆ ವರ್ಷಗಳು ಕಳೆದ ಮನೆಗಳಿವೆ. ಗುಟ್ಟಿನಿಂದ ಆ ಮದುವೆಗಳಿಗೆ ಆದ ಉಪಕಾರ ನನಗಂತೂ ಕಂಡಿಲ್ಲ.

9. ಹೇಳಲು ಎಲ್ಲರಿಗಿಂತ ತಕ್ಕವರು ಕಾಯಿಲೆಯವರೇ

ಗುಣದ ಹಾದಿಯಲ್ಲಿರುವ ತಾಯಿ ತಾನೇ ಮಗುವನ್ನು ಕೂರಿಸಿಕೊಂಡು ‘ಆವತ್ತು ಹಂಗೆ ಕೂಗಿದ್ನಲ್ಲ, ಅದು ಕಾಯಿಲೆ ಕಣೋ, ನಿನ್ ಮೇಲೆ ಸಿಟ್ಟಿರ್ಲಿಲ್ಲ’ ಎಂದರೆ ನನ್ನ ಹತ್ತು ಮಾತಿಗೆ ಸಮ. ಫಿನ್‌ಲೆಂಡಿನ ಮಕ್ಕಳ ಮನೋವೈದ್ಯೆ ಟುಟ್ಟಿ ಸೋಲಂಟೌಸ್ ಇದನ್ನೇ ಒಂದು ವಿಧಾನವಾಗಿ ರೂಪಿಸಿದ್ದಾರೆ; ಅಲ್ಲಿ ಸಿಬ್ಬಂದಿ ಮೊದಲು ಕೂತು ಮಾತಾಡುವುದು ತಂದೆ ತಾಯಿಯ ಜೊತೆ, ಮಗುವಿನ ದಿನ ಹೇಗೆ ನಡೆಯುತ್ತಿದೆ, ಅದರ ಬಲ ಯಾವುದು ಎಂದು. ನಮ್ಮಲ್ಲಿ ರೋಗಿಯನ್ನು ತಾಯಿ ಎಂದು ಮಾತಾಡಿಸುವುದೇ ಕಡಿಮೆ. ಮಾತಾಡಿಸಿದ ಕ್ಷಣ ಅವಳ ಕೂರುವ ಭಂಗಿ ಬದಲಾಗುವುದನ್ನು ನೀವೇ ನೋಡಬಹುದು.

ಒಂದು ಎಚ್ಚರಿಕೆ. ‘ನಾನು ಹೋಗುವಾಗ ಮಕ್ಕಳನ್ನೂ ಕರ್ಕೊಂಡು ಹೋಗ್ತೀನಿ’ ಎಂಬ ಮಾತು ಬಂದರೆ, ಅಥವಾ ಮಗುವಿನಲ್ಲೇ ಕೆಟ್ಟದ್ದು ಸೇರಿಕೊಂಡಿದೆ ಎಂಬ ಸಂಶಯ ಕಂಡರೆ, ಆಗ ವಿವರಣೆಯ ಹೊತ್ತಲ್ಲ. ಮಗುವನ್ನು ಆ ಕ್ಷಣವೇ ಬೇರೆ ಮನೆಗೆ ಕಳಿಸಿ, ರೋಗಿಯನ್ನು ಅಂದೇ ಆಸ್ಪತ್ರೆಗೆ ತನ್ನಿ. ಮಕ್ಕಳ ಸಹಾಯವಾಣಿ 1098.

10. ನಮ್ಮ ಕಡತದಲ್ಲಿ ಮಗು ಒಂದು ಅಂಕಿ ಮಾತ್ರ

ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗೆ ಒಯ್ಯುವ ಪ್ರಯೋಗ 1985ರಲ್ಲಿ ಮೊದಲು ನಡೆದದ್ದು ನಮ್ಮ ಬಳ್ಳಾರಿಯಲ್ಲೇ; ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ. ಇಷ್ಟು ದೂರ ಬಂದರೂ ರೋಗಿಯ ಕಡತದಲ್ಲಿ ‘ಮಕ್ಕಳು: 2’ ಎಂದು ಬರೆದು ಮುಂದಿನ ಕಾಲಂಗೆ ಹೋಗುತ್ತೇವೆ. ನಾರ್ವೆಯಲ್ಲಿ 2010ರಿಂದ, ರೋಗಿಗೆ ಚಿಕ್ಕ ಮಕ್ಕಳಿದ್ದಾರೆಯೇ, ಅವರಿಗೆ ಏನು ಬೇಕು ಎಂದು ವಿಚಾರಿಸುವುದು ಆರೋಗ್ಯ ಸಿಬ್ಬಂದಿಯ ಕಾನೂನಿನ ಕರ್ತವ್ಯ. ನಮ್ಮಲ್ಲಿ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮಂಗಳವಾರದ ನೂಕುನುಗ್ಗಲಿನಲ್ಲೂ ‘ಮಕ್ಕಳನ್ನ ಈಗ ಯಾರು ನೋಡ್ಕೋತಿದ್ದಾರೆ? ಅವರಿಗೆ ಏನಂತ ಹೇಳಿದ್ದೀರಿ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ವೈದ್ಯರು ಕೇಳಲಿ, ನರ್ಸ್ ಕೇಳಲಿ, ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಕೇಳಲಿ.

ಇಂಥ ಮನೆಯೊಂದು ನಿಮಗೆ ಗೊತ್ತಿದ್ದರೆ, ಹೇಗೆ ಮಾತು ತೆಗೆಯುವುದೆಂದು ತೋಚದಿದ್ದರೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವವರು ರೋಗಿಯೇ ಆಗಿರಬೇಕಿಲ್ಲ. ಅಜ್ಜಿಯೂ ಮಾಡಬಹುದು, ಮೇಷ್ಟ್ರೂ ಮಾಡಬಹುದು.